ರಾತ್ರಿ ಬರೀ ತಿಂಡಿ

ಮೊದಲು ಬಂದದ್ದು ಬಾಯಾರಿಕೆ. ಸ್ಟುಟ್‌ಗಾರ್ಟಿನ ಚಳಿಗೆ ಯಾರಿಗೆ ಬಾಯಾರುತ್ತದೆ? ಹೀಟರಿನ ಒಣ ಗಾಳಿ ಇರಬೇಕು ಎಂದುಕೊಂಡೆ. ನೀರು ಕುಡಿದೆ. ಮತ್ತೆ ಕುಡಿದೆ. ಕೊನೆಗೆ ಬ್ಲಡ್ ಟೆಸ್ಟ್ ಆಯಿತು.

ಡಯಾಬಿಟಿಸ್.

"ಸಕ್ಕರೆ ಬಿಟ್ರಾಯ್ತು ಬಿಡು, ನಮ್ಮಮ್ಮಂಗೂ ಇತ್ತಲ್ಲ" ಎಂದು ಯಜಮಾನರು ಲ್ಯಾಪ್‌ಟಾಪಿಗೆ ಮರಳಿದರು. ಮಗಳು ಜರ್ಮನ್‌ನಲ್ಲಿ ಏನೋ ಸಮಾಧಾನ ಹೇಳಿ ರೂಮಿಗೆ ಹೋದಳು. ಅವರನ್ನು ಬೈಯಲಾರೆ. ಕಣ್ಣಿಗೆ ಕಾಣದ ಕಾಯಿಲೆಗೆ ಯಾರು ಎಷ್ಟು ಹೊತ್ತು ಪಕ್ಕದಲ್ಲಿ ಕೂರುತ್ತಾರೆ? ಆದರೂ ಆ ದಿನ ನನಗೆ ತುಂಬಾ ಒಂಟಿ ಅನ್ನಿಸಿತು.

ಮಧ್ಯಾಹ್ನ ಅವರಿಗೆ ಆಫೀಸಿನ ಕ್ಯಾಂಟೀನು, ಅವಳಿಗೆ ಸ್ಕೂಲಿನದು. ನಾನೊಬ್ಬಳೇ ತಟ್ಟೆ ಹಾಕಿಕೊಳ್ಳುತ್ತೇನೆ. ಒಂದು ತಟ್ಟೆಗೋಸ್ಕರ ಒಗ್ಗರಣೆ ಹಾಕಲು ಮನಸ್ಸಾಗುವುದಿಲ್ಲ. ಅನ್ನಕ್ಕೆ ಮೊಸರು, ಉಪ್ಪಿನಕಾಯಿ, ಮುಗಿಯಿತು.

ಕ್ಲಿನಿಕ್ಕಿನ ಡಯಟ್ ಕ್ಲಾಸಿಗೆ ಹೋದೆ. ಕಪ್ಪು ಬ್ರೆಡ್ಡು, ಬೀಜದ ಬ್ರೆಡ್ಡು, ಅದರ ಮೇಲೆ ಏನು ಸವರಬೇಕು, ಎಷ್ಟು ಸವರಬೇಕು. ತಲೆಯಾಡಿಸಿ ಬಂದು ಮನೆಯಲ್ಲಿ ಅನ್ನಕ್ಕೇ ಇಟ್ಟೆ. ಮಾತ್ರೆ ನುಂಗಿದರೂ ಶುಗರ್ ಇಳಿಯಲಿಲ್ಲ. ಮುಂದಿನ ಟೆಸ್ಟಿನಲ್ಲೂ ಹೀಗೇ ಇದ್ದರೆ ಇನ್ಸುಲಿನ್ ಎಂದರು ಡಾಕ್ಟರ್.

ಸೂಜಿಗಲ್ಲ ನಾನು ಹೆದರಿದ್ದು. ಖಾಲಿ ಮನೆಯಲ್ಲಿ ಒಬ್ಬಳೇ ಕೂತು ಚುಚ್ಚಿಕೊಳ್ಳುವುದಕ್ಕೆ.

ಕ್ಲಿನಿಕ್ಕಿನ ಡಯಟೀಷಿಯನ್ ರೋಸಾ ಪೆರು ದೇಶದವರು. ಲ್ಯಾಟಿನ್ ಅಮೆರಿಕದ ಹೆಂಗಸರಿಗೆಂದೇ ಬೇರೆ ಗುಂಪೊಂದನ್ನು ನಡೆಸುತ್ತಿದ್ದರು. ಅವರ ಅಡುಗೆ ಇಟ್ಟುಕೊಂಡೇ ಅಲ್ಲಿ ಪಾಠ. "ನಾವೂ ಅನ್ನ, ಕಾಳು ತಿನ್ನೋರೇ. ಬನ್ನಿ" ಎಂದರು. ಹೋದೆ. ನನಗಾಗಿ ಎಲ್ಲರೂ ಸ್ಪ್ಯಾನಿಷ್ ಬಿಟ್ಟು ಹರಕುಮುರುಕು ಜರ್ಮನ್‌ಗೆ ಬಂದರು.

ರಾತ್ರಿ ಏನು ತಿಂತೀರಿ ಎಂದು ರೋಸಾ ಕೇಳಿದರು.

"ರಾತ್ರಿ ಊಟಾನೇ ಬಿಟ್ಟಿದೀನಿ" ಎಂದೆ, ಸ್ವಲ್ಪ ಜಂಬದಿಂದಲೇ. "ಬರೀ ತಿಂಡಿ. ಉಪ್ಪಿಟ್ಟು. ಶನಿವಾರ ಒಪ್ಪತ್ತು, ಅವತ್ತು ಅವಲಕ್ಕಿ."

"ಉಪ್ಪಿಟ್ಟು ಯಾವುದರದ್ದು?"

"ಗೋಧಿ ರವೆ."

"ಅವಲಕ್ಕಿ?"

"ಅಕ್ಕಿ..." ಎನ್ನುವಷ್ಟರಲ್ಲಿ ನನಗೇ ನಗು ಬಂತು.

ಪಕ್ಕದಲ್ಲಿದ್ದ ಕೊಲಂಬಿಯಾದ ತೆರೆಸಾ ನನ್ನ ತೊಡೆ ತಟ್ಟಿದಳು. "ನಾನು ಆಲೂಗಡ್ಡೆನ ತರಕಾರಿ ಅಂತ ತಿಂತಿದ್ದೆ" ಎಂದಳು. ಎಷ್ಟೋ ತಿಂಗಳ ಮೇಲೆ ಇನ್ನೊಬ್ಬರ ಜೊತೆ ನಕ್ಕೆ.

ಮೈಸೂರಿನಲ್ಲಿ ಇದೇ ಮಾತು ಹೇಳಿದ್ದರೆ ಒಳ್ಳೆಯದಾಯಿತು ಎನ್ನುತ್ತಿದ್ದರು. ಅನ್ನ ಇಲ್ಲದ್ದು ನಮಗೆ ಊಟವಲ್ಲ, ಊಟವಲ್ಲದ್ದು ಲೆಕ್ಕಕ್ಕಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಹೇಳಿಕೊಂಡೇ ಬೆಳೆದವಳು ನಾನು.

ರೋಸಾ ಏನನ್ನೂ ಬಿಡಿಸಲಿಲ್ಲ. ತಟ್ಟೆಯಲ್ಲಿ ಅವುಗಳ ಜಾಗ ಬದಲಿಸಿದರು. ನಮ್ಮೂರ ಊಟದಲ್ಲಿ ಮೂಲೆಯಲ್ಲಿರುತ್ತಿದ್ದ ಹುರುಳಿಕಾಯಿ ಪಲ್ಯ ತಟ್ಟೆಯ ಅರ್ಧಕ್ಕೆ ಬಂತು, ಅನ್ನ ಮೂಲೆಗೆ ಹೋಯಿತು. ಮಿಕ್ಕ ಜಾಗಕ್ಕೆ ಕಾಳು.

ಈ ಸಲ ಶುಗರ್ ಇಳಿದಿದೆ. "ಇನ್ಸುಲಿನ್ ಸದ್ಯಕ್ಕೆ ಬೇಡ" ಎಂದರು ಡಾಕ್ಟರ್. ಸದ್ಯಕ್ಕೆ ಎಂಬ ಮಾತನ್ನು ನಾನು ಮರೆತಿಲ್ಲ.

ಮಧ್ಯಾಹ್ನ ಈಗಲೂ ಮನೆಯಲ್ಲಿ ಒಬ್ಬಳೇ. ತಟ್ಟೆಯ ಮುಂದೆ ಕೂರುವ ಹೊತ್ತಿಗೆ ತೆರೆಸಾಳ ವಿಡಿಯೋ ಕಾಲ್ ಬರುತ್ತದೆ. ಅವಳ ಮನೆಯಲ್ಲೂ ಆ ಹೊತ್ತಿಗೆ ಯಾರೂ ಇರುವುದಿಲ್ಲ.

"ತಟ್ಟೆ ತೋರಿಸು" ಎನ್ನುತ್ತಾಳೆ.

ತೋರಿಸುತ್ತೇನೆ. ಅವಳೂ ತನ್ನದನ್ನು ತೋರಿಸುತ್ತಾಳೆ. ಆಮೇಲೆ ಇಬ್ಬರೂ ಉಣ್ಣುತ್ತೇವೆ. ಮಾತು ಕಡಿಮೆ, ಇಬ್ಬರ ಜರ್ಮನ್ನೂ ಅಷ್ಟಕ್ಕಷ್ಟೇ.

ಈಗ ಒಂದು ತಟ್ಟೆಗೂ ಒಗ್ಗರಣೆ ಹಾಕುತ್ತೇನೆ.