ಕೊಂಡಿಯೊಳಗಿನ ಕೂದಲು

ಮೊನ್ನೆ ಭಾನುವಾರ ನನ್ನ ಮಗಳು ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದು, "ಅವ್ವಾ, ನೀ ಹೇಳ್ತಿದ್ದೆಲ್ಲ, ಆ ಶಾಲಿನ ದೆವ್ವದ ಕಥಿ, ಇದ ಏನು ನೋಡು" ಎಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ ಬಗ್ಗಿ ನೋಡಿದೆ. ಅಂಗೈಯಗಲದ ಪರದೆಯ ಮೇಲೆ ಒಬ್ಬ ಹೆಂಗಸು ಮಬ್ಬುಮಬ್ಬಾಗಿ ಕುಳಿತಿದ್ದಳು, ಹೆಗಲ ಮೇಲೆ ಶಾಲು. ಅವಳನ್ನು ಕಂಡದ್ದೇ ರೊಟ್ಟಿ ತಿರುವುವುದನ್ನು ಮರೆತೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಜಮಖಂಡಿಯ ಕಚೇರಿಯೊಂದರಲ್ಲಿ ಎದುರು ನಿಂತವರನ್ನೆಲ್ಲ ಗದರಿಸಿ ಕಳಿಸುವ ಹೆಂಗಸು ನಾನು. ಫೋನಿನಲ್ಲಿನ ಶಾಲಿಗೆ ಹೆದರಿದೆ ಎಂದರೆ ನೀವು ನಗುತ್ತೀರಿ. ನಗಿ, ನನ್ನ ಮಗಳೂ ನಕ್ಕಳು.

ನಿಜ ಹೇಳಬೇಕೆಂದರೆ, ಹೆಚ್ಚು ತಬ್ಬಿಬ್ಬು ಮಾಡಿದ್ದು ಆ ಹೆಂಗಸಲ್ಲ, ಅವಳ ದನಿ. ಅವಳು ಮಾತಾಡುತ್ತಿದ್ದಳು! ನಾನು ಸಣ್ಣವಳಿದ್ದಾಗ ಟಿವಿಯಲ್ಲಿ ಬರುತ್ತಿದ್ದ ಆ ಧಾರಾವಾಹಿಯನ್ನು ನಾವು ಮನೆಮಂದಿಯೆಲ್ಲ ಕೂತು ವಾರಗಟ್ಟಲೆ ನೋಡಿದ್ದೆವು, ಆದರೆ ಅದರ ದನಿ ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಅದು ಹೇಗೆ ಅಂತೀರಾ? ನನ್ನ ತವರೂರು ಬನಹಟ್ಟಿಯವರಾದರೆ ಈ ಪ್ರಶ್ನೆ ಕೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎರಡು ಕೈಮಗ್ಗ. ಎಡಕ್ಕೆ, ಬಲಕ್ಕೆ, ಹಿತ್ತಿಲ ಆಚೆಗೆ ಪವರ್‌ಲೂಮಿನ ಮನೆಗಳು. ಕರೆಂಟು ಇದ್ದಾಗ ಆ ಖಟಖಟದಲ್ಲಿ ಟಿವಿಯ ದನಿ ಏರಿಸಿದರೂ ಒಂದೇ, ಇಳಿಸಿದರೂ ಒಂದೇ. ಕರೆಂಟು ಹೋದಾಗ ಓಣಿಯೆಲ್ಲ ತಣ್ಣಗಾಗಿ ಪಕ್ಕದ ಮನೆಯವರು ಆಕಳಿಸಿದ್ದೂ ಕೇಳಿಸುತ್ತಿತ್ತು, ಆದರೆ ಆಗ ಟಿವಿಯೂ ಸತ್ತಿರುತ್ತಿತ್ತು. ಕೇಳಿಸಿದ್ದರೂ ಏನೂ ಉಪಯೋಗವಿರಲಿಲ್ಲ, ಅದು ಹಿಂದಿ. ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಹಾಗಾಗಿ ನಮ್ಮ ಟಿವಿಗೆ ದನಿ ಎಂದರೆ ಗೌರತ್ತಿ. ಅಪ್ಪನ ತಂಗಿ. ಮದುವೆಯಾಗಿ ಸಾವಳಗಿಗೆ ಹೋದವಳು ಬೇಗನೆ ತವರಿಗೆ ಮರಳಿದ್ದಳು. ಯಾಕೆ ಎಂದು ಯಾರಾದರೂ ಕೆದಕಿದರೆ ಅಲ್ಲಿಯ ನೀರು ಸಪ್ಪಗೆ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಭಾನುವಾರ ಮಧ್ಯಾಹ್ನ ಟಿವಿಯ ಪಕ್ಕದಲ್ಲಿ ರಾಟಿ ಇಟ್ಟುಕೊಂಡು ನೂಲು ಸುತ್ತುತ್ತ, ಪಾತ್ರಗಳ ತುಟಿ ನೋಡಿಕೊಂಡು, ಮಗ್ಗದ ಸದ್ದಿಗಿಂತ ಒಂದು ಕೈ ಮೇಲಾಗಿ ಕೂಗಿ ಕತೆ ಹೇಳುತ್ತಿದ್ದಳು. ಇಂಥವಳು ಇಂಥವನ ಹೆಂಡತಿ, ಇವನು ಕಳ್ಳ, ಈಕೆಯ ಅತ್ತೆ ಸರಿಯಿಲ್ಲ ಎಂದು ಮೊದಲ ನೋಟಕ್ಕೇ ತೀರ್ಮಾನ ಕೊಟ್ಟುಬಿಡುವಳು. ಮುಂದಿನ ವಾರ ಕಳ್ಳ ಪೊಲೀಸಿನ ಅಂಗಿ ಹಾಕಿಕೊಂಡು ಬಂದರೆ, "ಯಾರದೋ ಕದ್ದಾನ" ಎಂದು ಮುಂದೆ ಸಾಗುವಳು. ನಾವ್ಯಾರೂ ಅನುಮಾನ ಪಟ್ಟವರಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನೇಕಾರರ ಮನೆಯಲ್ಲಿ ಟಿವಿ ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಮನುಷ್ಯರಲ್ಲ, ಬಟ್ಟೆ. ನಾಯಕ ಹೊಳೆಗೆ ಬಿದ್ದು ಕೈಕಾಲು ಬಡಿಯುತ್ತಿದ್ದರೆ ನಮ್ಮವ್ವ ಅವನ ಅಂಗಿಯ ಬಣ್ಣ ಬಿಡುತ್ತದೆ ಎಂದು ಮರುಗುತ್ತಿದ್ದಳು. ಸತ್ತವನಿಗೆ ಹೊದಿಸಿದ ಬಟ್ಟೆ ಎಷ್ಟನೆಯ ನಂಬರಿನ ನೂಲು ಎಂದು ಅಪ್ಪ ಮತ್ತು ಕಾಕಾ ವಾದಕ್ಕೆ ಇಳಿದು, ಸತ್ತವನು ಯಾರು ಎಂಬುದು ಅಲ್ಲಿಗೇ ಮರೆತುಹೋಗಿತ್ತು.

ಆ ದೆವ್ವದ ಕತೆಯೂ ಹೀಗೆಯೇ ನಮ್ಮ ಮನೆಗೆ ಬಂತು. ಗೌರತ್ತಿ ಹೇಳಿದಂತೆ, ಮುಂಬಯಿಯಲ್ಲಿ ಒಬ್ಬಳು ಸಂತೆಯಲ್ಲಿ ಹಳೆಯ ಶಾಲು ಕೊಂಡಳು. ಅದರ ನೇಯ್ಗೆಯೊಳಗೆ ಯಾರದೋ ಉದ್ದನೆಯ ಕೂದಲು ಸಿಕ್ಕಿಕೊಂಡಿತ್ತು. ಅಂದಿನಿಂದ ಆ ಕೂದಲಿನವಳಿಗೆ ಎಲ್ಲೋ ದೂರದಲ್ಲಿ ಏನಾದರೂ ಆದರೆ ಅದು ಇವಳಿಗೂ ಆಗುತ್ತಿತ್ತು. ಅಲ್ಲಿ ಕೈ ಸುಟ್ಟರೆ ಇಲ್ಲಿ ಬೊಬ್ಬೆ. ಒಂದು ಭಾನುವಾರ ಅಲ್ಲಿ ಯಾರೋ ಅವಳ ಕುತ್ತಿಗೆ ಒತ್ತಿದರು. ಇಲ್ಲಿ ಊಟಕ್ಕೆ ಕೂತಿದ್ದ ಇವಳಿಗೆ ತುತ್ತು ಇಳಿಯದೆ ಕಣ್ಣು ಮೇಲಾದವು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಗೌರತ್ತಿ ರಾಟಿ ನಿಲ್ಲಿಸಿ, "ಇಬ್ಬರಿಗೂ ಕೊಂಡಿ ಬಿದ್ದೈತಿ" ಎಂದಳು.

ಬೇರೆ ಊರಿನ ಮಕ್ಕಳಿಗೆ ಆ ಮಾತು ಗಾಳಿಗೆ ಹೋಗುತ್ತಿತ್ತು. ನನಗೆ ಎದೆಗೆ ಬಂದು ನೆಟ್ಟಿತು. ನಮ್ಮ ಕಡೆಯ ಸೀರೆ ಉಟ್ಟವರಿಗೆ ಗೊತ್ತಿರಬಹುದು: ಸೀರೆಯ ಮೈಯ ಹಾಸು, ಎಂದರೆ ಮಗ್ಗದ ಉದ್ದುದ್ದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಇದರ ಎಳೆಯೊಳಗೆ ಅದರ ಎಳೆ ಸಿಕ್ಕಿಸಿ, ಒಂದೊಂದಾಗಿ ಎರಡನ್ನೂ ಜೋಡಿಸುತ್ತ ಹೋಗಬೇಕು. ಅದಕ್ಕೇ ಕೊಂಡಿ ಎನ್ನುವುದು. ಸಣ್ಣ ಬೆರಳುಗಳಿಗೆ ಒಗ್ಗುವ ಕೆಲಸ, ಆದ್ದರಿಂದ ಸಂಜೆ ಶಾಲೆ ಬಿಟ್ಟ ಮೇಲೆ ನಾನೂ ಗೌರತ್ತಿಯ ಎದುರು ಕೂರುತ್ತಿದ್ದೆ. ಆ ಕತೆಗೆ ಕೆಲವೇ ವಾರ ಮೊದಲು, ಹಸಿರು ಮೈಯ ಸೀರೆಯೊಂದಕ್ಕೆ ಕೆಂಪು ಸೆರಗು ಕೂಡಿಸುವಾಗ, ಬಿಚ್ಚಿದ್ದ ನನ್ನ ತಲೆಯಿಂದ ಒಂದು ಕೂದಲು ಉದುರಿ ಕೊಂಡಿಯೊಳಗೆ ಸೇರಿಕೊಂಡಿತ್ತು. ನಾನು ಜಗ್ಗಲು ಹೋದೆ. ಎಳೆ ಹರಿದೀತು, ಇರಲಿ ಬಿಡು, ಉಟ್ಟವಳ ಸಂಗಡ ಊರು ತಿರುಗಲಿ ಎಂದು ಗೌರತ್ತಿಯೇ ನಕ್ಕಿದ್ದಳು. ಸೀರೆ ಮುಧೋಳದ ಅಂಗಡಿಗೆ ಹೋಯಿತು. ಅಲ್ಲಿಂದ ಯಾರ ಮೈಮೇಲೆ ಹೋಯಿತೋ!

ಲೆಕ್ಕ ನೆಟ್ಟಗೆ ಕೂಡಿತು ನೋಡಿ. ನನ್ನ ಕೂದಲು, ಅವಳ ಸೀರೆ. ನನಗೂ ಅವಳಿಗೂ ಕೊಂಡಿ. ಕತೆಯಲ್ಲಿ ಯಾರ ನೋವು ಯಾರಿಗೆ ಹೋಗುತ್ತಿತ್ತು ಎಂದು ನೋಡುವಷ್ಟು ಧೈರ್ಯ ಉಳಿದಿರಲಿಲ್ಲ, ಅವಳ ನೋವು ನನಗೆ ಎಂದೇ ಹಿಡಿದುಕೊಂಡೆ. ಆ ರಾತ್ರಿ ಊಟಕ್ಕೆ ಕೂತಾಗ ತುತ್ತು ಗಂಟಲಲ್ಲಿ ನಿಂತಿತು. ಆಕೆಗೆ ಅಲ್ಲಿ ಯಾರೋ ಕುತ್ತಿಗೆ ಒತ್ತುತ್ತಿದ್ದಾರೆ ಎಂದು ಖಾತ್ರಿಯಾಯಿತು. ಮರುದಿನವೂ ಇಳಿಯಲಿಲ್ಲ, ಅದರ ಮರುದಿನ ನೀರು ಕೂಡ ಕಷ್ಟವಾಯಿತು. ನಾನು ನಾಟಕ ಮಾಡುತ್ತಿರಲಿಲ್ಲ, ಗಂಟಲು ನಿಜವಾಗಿಯೂ ಕಟ್ಟುತ್ತಿತ್ತು. ವಾರ ಕಳೆಯುವುದರೊಳಗೆ ಕೆನ್ನೆ ಇಳಿದು, ಗೋಡೆ ಹಿಡಿದು ನಡೆಯುವಂತಾದೆ. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಡಾಕ್ಟರು ಬಾಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ ಏನೂ ಇಲ್ಲ ಎಂದರು. ಇದು ಹೀಗೇ ಆದರೆ ಬೆಳಗಾವಿಯ ದವಾಖಾನೆಗೆ ಸೇರಿಸಬೇಕೆಂದೂ ಹೇಳಿದರು. ಅಪ್ಪ ಟಿವಿಯ ತಂತಿ ಕಿತ್ತು ಅಟ್ಟಕ್ಕೆ ಎಸೆದು, ಗೌರತ್ತಿಯ ಜೊತೆ ಮಾತು ಬಿಟ್ಟ. ಎಲ್ಲರೂ ನನಗೆ ಹೇಳಿದ್ದು ಒಂದೇ: ಅದೆಲ್ಲ ಸುಳ್ಳು, ಉಣ್ಣು. ಸುಳ್ಳು ಎಂದ ಕೂಡಲೇ ಗಂಟಲು ಬಿಡುತ್ತದೆಯೇ?

ಗೌರತ್ತಿ ಒಬ್ಬಳೇ ಸುಳ್ಳು ಎನ್ನಲಿಲ್ಲ. ಒಂದು ಮುಂಜಾನೆ ನನ್ನ ತಲೆ ಬಾಚಿ, ಬಿಗಿಯಾಗಿ ಹೆಣಲು ಹಾಕಿ, "ನಡಿ, ಆ ಸೀರಿ ಉಟ್ಟಾಕಿನ್ನ ನೋಡಿ ಬರೂಣು" ಎಂದಳು.

ಮುಧೋಳದ ಬಸ್ಸಿನಲ್ಲಿ ನಾನು ಅವಳ ತೊಡೆಯ ಮೇಲೆ ಮಲಗಿಯೇ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು, ಕಾರ್ಖಾನೆಯ ಬೆಲ್ಲದಂಥ ವಾಸನೆ ಕಿಟಕಿಯಿಂದ ಬಂದಾಗ ಅವಳ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೆ. ಅಂಗಡಿಯ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ ಒಳಗೆ ಹೋದ ಗೌರತ್ತಿ, ಹೊರಗೆ ಬಂದು ಸೀರೆ ಬೀಳಗಿಗೆ ಹೋಗಿದೆ ಎಂದಳು. ಮತ್ತೆ ಬಸ್ಸು. ಬೀಳಗಿಯಲ್ಲಿ ಇಳಿದು, ಎರಡು ಓಣಿ ತಿರುಗಿ, ಒಂದು ಮನೆಯ ಮುಂದೆ ನಿಂತಳು. ಅಂಗಳದ ಹಗ್ಗದ ಮೇಲೆ ಹಸಿರು ಸೀರೆ ಒಣಗುತ್ತಿತ್ತು. ಕಟ್ಟೆಯ ಮೇಲೆ ಒಬ್ಬ ಹೆಂಗಸು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಯಾರೂ ಅವಳ ಕುತ್ತಿಗೆ ಒತ್ತುತ್ತಿರಲಿಲ್ಲ. ದುಂಡಗೆ, ಗಟ್ಟಿಮುಟ್ಟಾಗಿ ಇದ್ದಳು. ನನಗೆ ಅವಳನ್ನು ಮುಟ್ಟಿ ನೋಡಬೇಕೆನಿಸಿತು.

ಗೌರತ್ತಿ ಕುಡಿಯಲು ನೀರು ಕೇಳಿದಳು. ಇಬ್ಬರೂ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಆ ಹೆಂಗಸು ಒಬ್ಬಳೇ ಬಂದು, ಹಗ್ಗದ ಮೇಲಿನ ಸೀರೆ ಎಳೆದುಕೊಂಡು ನನ್ನ ಪಕ್ಕ ಕೂತಳು. ಸೆರಗಿನ ಕೂಡಿಕೆಯನ್ನು ನನ್ನ ಮೊಣಕಾಲ ಮೇಲೆ ಹರಡಿ, ಬೆರಳಿಟ್ಟು ತೋರಿಸಿದಳು. ಅಲ್ಲಿ ಒಂದು ಉದ್ದನೆಯ ಕೂದಲು ಇತ್ತು.

"ಇದು ನಿಂದೇನಽ ಯವ್ವಾ?" ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಕೆ ನನ್ನ ಮೇಲೆ ಸಿಟ್ಟಾದವಳಂತೆ ಸೊಂಟದ ಮೇಲೆ ಕೈಯಿಟ್ಟಳು. "ಅದಕಽ ಮತ್ತ. ಒಂದ ವಾರಾತು, ಎಷ್ಟ ಉಂಡರೂ ನನಗ ಹೊಟ್ಟಿ ತುಂಬವಲ್ದು. ಮೂರ ರೊಟ್ಟಿ ತಿಂತೇನಿ, ಮತ್ತ ಹಸಿವು. ಮನಿ ಮಂದಿ ನಗಾಕತ್ತಾರ. ಅಲ್ಲಿ ನೀ ಉಪಾಸ ಕುಂತರ ಇಲ್ಲಿ ನಾ ಏನ ಮಾಡ್ಲಿ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕೊಂಡಿಗೆ ಎರಡು ಕಡೆ ಇದೆ ಎಂಬುದು ಕೊಂಡಿ ಹಾಕುವ ನನಗೇ ಹೊಳೆದಿರಲಿಲ್ಲ. ಆಕೆಯ ಕಷ್ಟ ನನಗೆ ಬರುತ್ತಿದೆ ಎಂದು ನಾನು ಅಳುತ್ತಿದ್ದರೆ, ನನ್ನ ಹಸಿವನ್ನು ಆ ಬಡಪಾಯಿ ಹೊತ್ತುಕೊಂಡು ಓಡಾಡುತ್ತಿದ್ದಳು. ನಾಚಿಕೆಯಾಯಿತು. ಆಕೆ ಒಳಗೆ ಹೋಗಿ ಬಿಸಿ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ತಂದು ಮುಂದಿಟ್ಟಳು. ಮೊದಲ ತುತ್ತು ಗಂಟಲಲ್ಲಿ ತಡೆಯಿತು. ಆಕೆ ತನ್ನ ಹೊಟ್ಟೆಯ ಮೇಲೆ ಅಂಗೈಯಿಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಿದ್ದಳು, ತನಗೆ ತುಂಬುವುದನ್ನು ಕಾಯುವವಳ ಹಾಗೆ. ತುತ್ತು ಇಳಿಯಿತು. ಎರಡನೆಯ ರೊಟ್ಟಿ ಮುಗಿಯುವಾಗ ಆಕೆ ಸಣ್ಣಗೆ ತೇಗಿ, "ಹಾಂ, ಈಗ ಆತು ನೋಡು" ಎಂದಳು. ಗೌರತ್ತಿ ಬಾಗಿಲಿಗೆ ಒರಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ಹೊರಡುವಾಗ ಆಕೆ ಸೀರೆಯಿಂದ ಕೂದಲನ್ನು ಮೆಲ್ಲಗೆ ಬಿಡಿಸಿ ನನ್ನ ಕೈಗೆ ಕೊಟ್ಟಳು. ಇನ್ನು ನಿನ್ನ ಹಸಿವು ನಿನಗೆ, ನನ್ನದು ನನಗೆ ಎಂದಳು.

ಮರಳುವ ಬಸ್ಸಿನಲ್ಲಿ, ಕಿಟಕಿಯ ಬಿಸಿಲಿಗೆ ಆ ಕೂದಲನ್ನು ಹಿಡಿದು ನೋಡಿದೆ. ಅದು ಗುಂಗುರು ಕೂದಲು. ನನ್ನದು ಹಾಸಿನ ಎಳೆಯಂತೆ ನೆಟ್ಟಗೆ. ಅಲ್ಲದೆ ನೇಯ್ದು ಬಿಗಿಸಿದ ಕೊಂಡಿಯಿಂದ ಕೂದಲು ಹಾಗೆ ಸಲೀಸಾಗಿ ಬರುವುದೂ ಇಲ್ಲ. ಅಷ್ಟು ತಿಳಿಯದಷ್ಟು ಸಣ್ಣವಳಲ್ಲ ನಾನು. ನನ್ನ ಕೂದಲು ಇನ್ನೂ ಎಲ್ಲಿಯೋ, ಯಾರದೋ ಸೀರೆಯಲ್ಲಿದೆ ಎಂಬುದು ಅರ್ಥವಾಯಿತು. ಆದರೆ ವಿಚಿತ್ರ ನೋಡಿ, ಹೆದರಿಕೆ ಬರಲಿಲ್ಲ. ಬೀಳಗಿಯಲ್ಲಿ ಇಂಥವರಿದ್ದರೆ, ಆ ಇನ್ನೊಬ್ಬಳಿರುವ ಊರಿನಲ್ಲಿಯೂ ಇರುತ್ತಾರೆ, ಆಕೆಗೂ ಯಾರಾದರೂ ಉಣ್ಣಲು ಇಕ್ಕುತ್ತಾರೆ ಎಂದುಕೊಂಡೆ. ಕೂದಲನ್ನು ಕಿಟಕಿಯಿಂದ ಬಿಟ್ಟು, ನನಗೆ ಮತ್ತೆ ಹಸಿವಾಗಿದೆ ಎಂದು ಗೌರತ್ತಿಗೆ ಹೇಳಿದೆ. ಮುಧೋಳದಲ್ಲಿ ಆಕೆ ಬಜಿ ಕೊಡಿಸಿದಳು.

ಬೀಳಗಿಯವಳು ಗೌರತ್ತಿಯ ಗೆಳತಿಯೋ ದೂರದ ಬೀಗರೋ ಇರಬೇಕು, ಗೌರತ್ತಿ ಆಕೆಗೆ ಮೊದಲೇ ಹೇಳಿ ಇಟ್ಟಿದ್ದಾಳೆ ಎಂದೇ ಇಷ್ಟು ವರ್ಷ ನಂಬಿದ್ದೆ. ಕೇಳಲಿಲ್ಲ. ನನ್ನನ್ನು ನಂಬಿಸಿ ಗೆದ್ದೆನೆಂದು ಗೌರತ್ತಿ ಸುಖವಾಗಿದ್ದಳು, ಇರಲಿ ಬಿಡು ಎಂದುಕೊಂಡಿದ್ದೆ.

ಮೊನ್ನೆ ಮಗಳನ್ನೂ ಅವಳ ಫೋನನ್ನೂ ಕಟ್ಟಿಕೊಂಡು ಮಧ್ಯಾಹ್ನವೇ ಬನಹಟ್ಟಿಗೆ ಹೋದೆ. ಗೌರತ್ತಿಗೆ ಈಗ ಕಿವಿ ಅಷ್ಟಕ್ಕಷ್ಟೇ, ಮಗ್ಗದವರ ಕಿವಿ. ಹಾಗಾಗಿ ಈ ಸಲವೂ ಆಕೆ ಆ ಕತೆಯನ್ನು ದನಿಯಿಲ್ಲದೆಯೇ ನೋಡಿದಳು. ನನ್ನ ಮಗಳಿಗೆ ಹಿಂದಿ ಬರುತ್ತದೆ. ಅಜ್ಜಿಯ ಕಿವಿಯ ಹತ್ತಿರ ಬಾಯಿಟ್ಟು ಖರೆ ಕತೆ ಹೇಳಿದಳು. ಅದರಲ್ಲಿ ಹಳೆಯ ಶಾಲಿಲ್ಲ, ಕೂದಲಿಲ್ಲ, ಸಂತೆಯೂ ಇಲ್ಲ. ಆ ಹೆಂಗಸಿಗೆ ಒಂದು ರಾಂಗ್ ನಂಬರ್ ಫೋನು ಬರುತ್ತದೆ, ಅಂದಿನಿಂದ ಆಚೆಯವಳ ನೋವೆಲ್ಲ ಇವಳಿಗೆ. ಫೋನು ಪರದೆಯ ನಟ್ಟನಡುವೆಯೇ ಇತ್ತು. ನಾವೆಲ್ಲ ಶಾಲು ನೋಡುತ್ತಿದ್ದೆವು. ಚಳಿಗೆ ಹೊದ್ದುಕೊಂಡಿದ್ದಳು, ಅಷ್ಟೇ.

ನನಗೆ ನಗು ತಡೆಯಲಾಗಲಿಲ್ಲ. ಗೌರತ್ತಿ ನಗಲಿಲ್ಲ. ಪರದೆಯನ್ನೇ ನೋಡುತ್ತ, ಹಂಗಾರ ಆ ಹೆದರಿಕೆ ಟಿವಿಯದಲ್ಲ, ತಾನೇ ಹಾಕಿದ್ದು ಎಂದಳು. ಬಿಡಿಸಿದ್ದೂ ನೀನೇ ಎಂದೆ. ಬಸ್ಸಿನಲ್ಲಿ ಗುಂಗುರು ಕೂದಲು ನೋಡಿದ್ದನ್ನೂ ಆಗಲೇ ಹೇಳಿಬಿಟ್ಟೆ. ಆಕೆಗೆ ಅದು ಗೊತ್ತಿತ್ತಂತೆ, ನಾನು ಕಿಟಕಿಗೆ ಹಿಡಿದು ನೋಡಿದ್ದನ್ನು ನೋಡಿದ್ದಳಂತೆ. ನಾನು ಮತ್ತೆ ಊಟ ಬಿಡುತ್ತೇನೋ ಎಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದಾಗ, ನಾನು ಹಸಿವು ಅಂದೆನಂತೆ.

ಬೀಳಗಿಯ ಗೆಳತಿ ಈಗ ಹೇಗಿದ್ದಾಳೆ, ಹೋಗಿ ಕಾಲಿಗೆ ಬೀಳಬೇಕು ಎಂದೆ. ಗೌರತ್ತಿ ನನ್ನ ಮುಖ ನೋಡಿದಳು.

"ಯಾವ ಗೆಳತಿ? ಆಕಿ ಯಾರಂತ ನನಗೇನ ಗೊತ್ತು."

ಆಮೇಲೆ ಹೇಳಿದಳು. ಮುಧೋಳದ ಅಂಗಡಿಯವರು, ಯಾವ ಸೀರೆ ಯಾರು ಒಯ್ದರೆಂದು ಯಾರಿಗೆ ನೆನಪಿರುತ್ತದೆ ಎಂದು ಬೈದು ಕಳಿಸಿದ್ದರು. ಬಸ್ ಸ್ಟ್ಯಾಂಡಿಗೆ ಬಂದಾಗ ಹೊರಡಲು ನಿಂತಿದ್ದ ಬಸ್ಸು ಬೀಳಗಿಯದು, ಹತ್ತಿಬಿಟ್ಟಳು. ಬೀಳಗಿಯಲ್ಲಿ ಹಸಿರು ಸೀರೆ ಒಣಗುತ್ತಿದ್ದ ಮನೆ ಕಂಡಿತು, ನಿಂತುಬಿಟ್ಟಳು. ಒಳಗೆ ಹೋಗಿ ನೀರಿನ ತಂಬಿಗೆ ಹಿಡಿದು, ಹೊರಗೆ ಕೂತಿರುವ ಹುಡುಗಿ ವಾರದಿಂದ ಉಂಡಿಲ್ಲ, ತನ್ನ ಕೂದಲು ನಿಮ್ಮ ಸೀರೆಯಂಥ ಸೀರೆಯ ಕೊಂಡಿಯಲ್ಲಿ ಸಿಕ್ಕಿದೆ ಅಂತ ಪ್ರಾಣ ಬಿಡುತ್ತಿದ್ದಾಳೆ ಎಂದು ಹೇಳುವುದರೊಳಗೆ ಅಳು ಬಂದು ಮಾತು ನಿಂತಿತು. ಹಸಿವಿನ ಮಾತೂ ತೇಗೂ ಗೌರತ್ತಿ ಹೇಳಿಕೊಟ್ಟದ್ದಲ್ಲ, ಆಕೆಗೇ ತೋಚಿದ್ದು.

ನನ್ನ ಕಣ್ಣು ತುಂಬಿದವು. ಹೆಸರು ಗೊತ್ತಿಲ್ಲದ ಆ ತಾಯಿಯ ರೊಟ್ಟಿಯಿಂದ ನಾನು ಬದುಕಿದ್ದೇನೆ ಎಂದು ಮಗಳ ಮುಂದೆಯೇ ಅತ್ತುಬಿಟ್ಟೆ. ಆಮೇಲೆ ಕೇಳಿದೆ: ದಾರಿಯಲ್ಲಿ ಹೋಗುವವರು ಒಳಗೆ ಬಂದು ಇಂಥ ಹುಚ್ಚು ಮಾತಾಡಿದರೆ ಆಕೆ ನಗಲಿಲ್ಲವೇ, ನೀವ್ಯಾರು, ಯಾವ ಊರು, ಯಾವ ಮಂದಿ ಎಂದು ಏನೂ ಕೇಳಲಿಲ್ಲವೇ?

"ಒಂದಽ ಮಾತ ಕೇಳಿದ್ಳು" ಎಂದಳು ಗೌರತ್ತಿ. "ತನ್ನ ತುರುಬು ಬಿಚ್ಚಿಕೋತ ಕೇಳಿದ್ಳು: ಎಷ್ಟ ಉದ್ದಂದು ಬೇಕ್ರೀ?"