ಅತ್ತೆಯ ಹೆಗಲ ಕಪ್ಪು ಗಂಟು

ಮಂಡ್ಯದ ಒಂದು ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ರೋಗಿಗಳ ಮೈಯಿಂದ ತೆಗೆದ ಗಂಟುಗಳನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಅಂಟಿಸಿ ಬಣ್ಣ ಹಾಕುವುದು ನನ್ನ ಕೆಲಸ. ಅದನ್ನು ನೋಡಿ ಏನೆಂದು ಹೇಳುವುದು ನಮ್ಮ ಡಾಕ್ಟರ್ ಮೇಡಂ ಕೆಲಸ.

ನನ್ನ ಸೋದರತ್ತೆ ಭಾರತೀನಗರದ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ಒಮ್ಮೆ ಮನೆಗೆ ಬಂದಾಗ ಅವಳ ಕುಪ್ಪಸದ ಹೆಗಲ ಮೇಲೆ ರಕ್ತದ ಕಲೆ ಕಂಡಿತು. ಬಲವಂತ ಮಾಡಿ ಸರಿಸಿ ನೋಡಿದರೆ ನೇರಳೆಹಣ್ಣಿನಷ್ಟು ದೊಡ್ಡ ಕಪ್ಪು ಗಂಟು. ಬ್ಯಾಗಿನ ಪಟ್ಟಿ ಉಜ್ಜಿ ಒಡೆದಿತ್ತು.

"ಎಂಟತ್ತು ವರ್ಸದಿಂದ ಅದೆ ಕಣವ್ವ. ಅದ್ರ ಪಾಡಿಗೆ ಅದು ಕೂತದೆ, ಬುಡು" ಅಂದಳು.

ಬಿಡಲಿಲ್ಲ. ಮದ್ದೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆಗೆಂದು ಸಣ್ಣ ಚೂರು ತೆಗೆದರು. ಮೈಗೆ ಬಣ್ಣ ಕೊಡುವ ಜೀವಕೋಶಗಳಲ್ಲೇ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರ್ ಇರಬಹುದು, ಅದು ಬೇಗ ಹರಡುತ್ತದೆ ಎಂದು ಮುಚ್ಚಿಡದೆ ಹೇಳಿದರು. ವಾಪಸ್ ಬರುವಾಗ ಬಸ್ಸು ಹನಕೆರೆ ದಾಟಿತ್ತು. ಅತ್ತೆ ನನ್ನ ಕಡೆ ತಿರುಗಿ, "ಕರ್ರಗಿರೋ ಗಂಟೆಲ್ಲ ಅದೇಯಾ?" ಎಂದು ಕೇಳಿದಳು. ಚೂರನ್ನು ಗಾಜಿನ ಮೇಲೆ ಹಾಕಿ ನೋಡಿದರೇ ಗೊತ್ತಾಗುವುದು ಅಂದೆ.

ಚೂರು ನಮ್ಮ ಲ್ಯಾಬಿಗೇ ಬಂತು. ಮಾಮೂಲಿ ಬಣ್ಣ ಹಾಕಿ ಕೊಟ್ಟೆ. ಮೇಡಂ ತುಂಬ ಹೊತ್ತು ಮೈಕ್ರೋಸ್ಕೋಪಿನಲ್ಲಿ ನೋಡಿ, ನನ್ನನ್ನೂ ಕರೆದು ತೋರಿಸಿದರು. ಉದ್ದುದ್ದನೆಯ ಜೀವಕೋಶಗಳು ಚಾಪೆ ಹೆಣೆದ ಹಾಗೆ ಮಲಗಿದ್ದವು. ನಡುನಡುವೆ ಕಾಫಿಪುಡಿ ಚೆಲ್ಲಿದಂತೆ ಬಣ್ಣದ ಕಣಗಳು. ಮೆಲನೋಮ ಅನ್ನಲು ಈ ಕೋಶಗಳು ತೀರ ಒಂದೇ ಥರ ಇವೆ, ಅಲ್ಲ ಅನ್ನಲು ಬಣ್ಣ ಅಡ್ಡ ಬರುತ್ತದೆ, ಪ್ರೋಟೀನ್ ಗುರುತು ನೋಡದೆ ವರದಿ ಬರೆಯುವುದಿಲ್ಲ ಅಂದರು. ಆಗ ಇದು ನಮ್ಮತ್ತೆಯದು ಎಂದೆ. ಬೇರೆಯವರಿಗೆ ಕೊಡಲೇ ಎಂದು ಕೇಳಿದರು. ನಾನೇ ಮಾಡುತ್ತೇನೆ ಅಂದೆ. ವರದಿ ಆಗುವವರೆಗೆ ಮನೆಯಲ್ಲಿ ಒಂದು ಮಾತೂ ಆಡಬಾರದು ಎಂದು ನನ್ನನ್ನು ಒಪ್ಪಿಸಿದರು.

ಒಂದೊಂದು ಜಾತಿಯ ಜೀವಕೋಶದಲ್ಲಿ ಕೆಲವು ಪ್ರೋಟೀನುಗಳು ಇರುತ್ತವೆ, ಕೆಲವು ಇರುವುದಿಲ್ಲ. ಒಂದೇ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಔಷಧಿಯನ್ನು ಹನಿಸಿ, ಅದು ಅಂಟಿದ ಕಡೆ ಬಣ್ಣ ಬರುವಂತೆ ಮಾಡುತ್ತೇವೆ. ನಾವು ಬಳಸುವ ಬಣ್ಣ ಕಂದು. ಗಂಟಿನೊಳಗಿದ್ದದ್ದೂ ಕಂದು. ಮೊದಲ ಗಾಜು ನೋಡಿದ ಮೇಡಂ ತಲೆಯೆತ್ತಿ, "ಇದು ನೀನು ಹಾಕಿದ ಬಣ್ಣವೋ, ನಿಮ್ಮತ್ತೆಯದೋ?" ಅಂದರು.

ಮಾರನೆಯ ದಿನ ಕಂದಿನ ಬದಲು ಕೆಂಪು ಬಣ್ಣ ತೆಗೆದುಕೊಂಡೆ. ಮೊದಲು ಎಸ್-ಹಂಡ್ರೆಡ್ ಎಂಬ ಗುರುತು. ಮೆಲನೋಮ ಆಗಿದ್ದರೆ ಗಂಟೆಲ್ಲ ಕೆಂಪಾಗಬೇಕಿತ್ತು. ಕಾಫಿಪುಡಿ ಹೊತ್ತಿದ್ದ ಕೆಲವೇ ಕೋಶಗಳು ಅಲ್ಲೊಂದು ಇಲ್ಲೊಂದು ಕೆಂಪಾದವು. ಉಳಿದ ಚಾಪೆಯೆಲ್ಲ ಹಾಗೇ ಇತ್ತು. ನನ್ನ ಕೈ ತಪ್ಪಿತೇನೋ ಎಂದು ಹೆದರಿದೆ. ಈ ಪ್ರೋಟೀನ್ ಯಾವಾಗಲೂ ಇರುವ ಪಕ್ಕದ ಸಣ್ಣ ನರ ಕೆಂಪಾಗಿದೆ ನೋಡು, ಔಷಧಿ ಕೆಲಸ ಮಾಡಿದೆ ಎಂದು ಮೇಡಂ ತೋರಿಸಿದರು. ಆಮೇಲೆ, ಮೆಲನೋಮದಲ್ಲಿ ಸಾಮಾನ್ಯವಾಗಿ ಕಾಣದ ಸಿಡಿ-ತರ್ಟಿಫೋರ್ ಎಂಬ ಇನ್ನೊಂದು ಗುರುತು. ಈ ಸಲ ಚಾಪೆ ಅಂಚಿನಿಂದ ಅಂಚಿಗೆ ಕೆಂಪಾಯಿತು. ಇನ್ನೆರಡು ಗುರುತುಗಳೂ ಅದನ್ನೇ ಹೇಳಿದ ಮೇಲೆ ಮೇಡಂ ಬರೆದರು: ಮೆಲನೋಮ ಅಲ್ಲ, ಚರ್ಮದ ಒಳಪದರದಲ್ಲಿ ಹುಟ್ಟುವ, ಬಣ್ಣ ಸೇರಿಕೊಂಡ ಅಪರೂಪದ ಗಡ್ಡೆ. ಇದೂ ಕ್ಯಾನ್ಸರೇ. ಆದರೆ ನಿಧಾನದ್ದು. ದೂರ ಹರಡುವುದು ಕಡಿಮೆ, ಅಗಲವಾಗಿ ತೆಗೆಯದಿದ್ದರೆ ಅಲ್ಲೇ ಮತ್ತೆ ಬೆಳೆಯುತ್ತದೆ.

ಮದ್ದೂರಿನ ಡಾಕ್ಟರು ಅತ್ತೆಗೆ ಎಲ್ಲ ವಿವರಿಸಿದರು. ಮೈಸೂರಿನಲ್ಲಿ ಆಪರೇಷನ್ ಆಯಿತು. ಸುತ್ತಲ ಚರ್ಮವನ್ನೂ ತೆಗೆದು, ತೊಡೆಯ ಚರ್ಮ ತಂದು ಹಾಕಿದರು. ಗಾಯ ಮಾಗಿದ ಮೇಲೆ ಅತ್ತೆ ಒಂದು ಬೆಳಿಗ್ಗೆ ಲ್ಯಾಬಿಗೇ ಬಂದಳು, ತನ್ನ ಗಂಟನ್ನು ನೋಡಬೇಕಂತೆ. ಮೇಡಂ ಎದ್ದು ಮೈಕ್ರೋಸ್ಕೋಪಿನ ಮುಂದಿನ ಕುರ್ಚಿ ಬಿಟ್ಟುಕೊಟ್ಟರು. ಒಂದು ಕಣ್ಣು ಮುಚ್ಚಿ ನೋಡಿದಳು, ಆಮೇಲೆ ಎರಡೂ ತೆರೆದು ನೋಡಿದಳು.

"ಬಣ್ಣ ಒತ್ಕೊಂಡಿರವು ಇಷ್ಟೇಯಾ ಮೇಡಂ? ಇಷ್ಟಕ್ಕೆ ಇಡೀ ಗಂಟೇ ಕರ್ರಗೆ ಕಂಡದಾ?"

ಹೌದು ಅಂದರು ಮೇಡಂ. ಅವು ಇದರೊಳಕ್ಕೆ ಯಾಕೆ ಬಂದವು ಎಂದು ಅತ್ತೆ ಮುಂದುವರಿಸಿದಳು. ಅದು ಯಾರಿಗೂ ಇನ್ನೂ ಖಚಿತವಾಗಿ ಗೊತ್ತಿಲ್ಲ ಎಂದು ಮೇಡಂ ಹೇಳಿದಾಗ ಅವಳಿಗೆ ಬೇಸರವಾಗಲಿಲ್ಲ. ಗೊತ್ತಾದಾಗ ನನಗೂ ಹೇಳಿ ಎಂದು ಕೇಳಿಕೊಂಡಳು.

ಎರಡು ವರ್ಷವಾಯಿತು. ಆರು ತಿಂಗಳಿಗೊಮ್ಮೆ ಹೆಗಲು ತೋರಿಸಲು ಹೋಗುತ್ತಾಳೆ. ಇದುವರೆಗೆ ಹೊಸದೇನೂ ಬಂದಿಲ್ಲ. ಈಚೆಗೆ ಮಳವಳ್ಳಿಯಲ್ಲಿರುವ ತನ್ನ ತಂಗಿಯ ಬೆನ್ನಿನ ಮಚ್ಚೆಯ ಫೋಟೋ ಕಳಿಸಿದ್ದಳು. ಫೋಟೋ ನೋಡಿ ಹೇಳಲಾಗುವುದಿಲ್ಲ, ಡಾಕ್ಟರಿಗೆ ತೋರಿಸಿ ಅಂದೆ. ಮುಂದಿನ ವಾರ ಇಬ್ಬರೂ ಮದ್ದೂರಿನ ಡಾಕ್ಟರ ಹತ್ತಿರ ಹೋಗುತ್ತಾರಂತೆ.