ಕುಂಕುಮ ಇಟ್ಟ ಟಿ.ವಿ.

ಶಿವಮೊಗ್ಗದಲ್ಲಿ ನಾವು ಟಿ.ವಿ. ಕೊಂಡಿದ್ದ ಆ ದೊಡ್ಡ ಶೋರೂಮಿನ ಬಿಲ್ ಕೌಂಟರ್ ಮೇಲೆ ನಮ್ಮತ್ತೆ, ಕೆಟ್ಟುಹೋದ ಹಳೇ ಡಬ್ಬಾ ಟಿ.ವಿ.ಯನ್ನು ಆಟೊದವನ ಕೈಯಲ್ಲಿ ಹೊರಿಸಿ ತಂದು ಇಡಿಸಿಯೇ ಬಿಟ್ಟರು. ಅದರ ನೆತ್ತಿಯ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು.

“ಅಮ್ಮಾ, ಇದನ್ನ ಗುಜರಿಯವ್ರಿಗೆ ಹಾಕಿ. ನಾವು ಮಾರೋದಷ್ಟೇ,” ಎಂದ ಸೇಲ್ಸ್‌ಮನ್.

ಅತ್ತೆ ಜಗ್ಗಲಿಲ್ಲ. ಮಲವಗೊಪ್ಪದ ನಮ್ಮ ಬೀದಿಯಲ್ಲಿ ಗುಜರಿಯವನು ಪಕ್ಕದ ಮನೆಯವರ ಟಿ.ವಿ.ಯನ್ನು ತಾಮ್ರಕ್ಕಾಗಿ ಸುತ್ತಿಗೆಯಿಂದ ಒಡೆದು, ಉಳಿದ ಗಾಜನ್ನೆಲ್ಲ ಚರಂಡಿಗೆ ಸುರಿದು ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

“ವರ್ಷ ವರ್ಷ ಪೂಜೆ ಮಾಡಿದೀನಿ ಮಾರಾಯ, ಚರಂಡಿಗೆ ಹಾಕ್ಸೋಕಾ? ಮಾಡಿದೋರೇ ಬಿಚ್ಚಲಿ!”

ನಾಚಿಕೆಯಿಂದ ಬಾಗಿಲ ಬಳಿಯೇ ನಿಂತಿದ್ದ ಸೊಸೆಯಾದ ನನಗೆ ಆಗ ಹೊಳೆಯಿತು, ಕಾನೂನು ಹೇಳುವುದೂ ಅದನ್ನೇ ಅಲ್ಲವೇ! ಹಳೆಯ ಟಿ.ವಿ., ಫ್ರಿಜ್‌ಗಳನ್ನು ವಾಪಸ್ ಪಡೆದು ಸರಿಯಾಗಿ ಮರುಬಳಕೆ ಮಾಡಿಸುವ ಹೊಣೆ, ಅದರ ಖರ್ಚು, ಎರಡೂ ತಯಾರಿಸಿದ ಕಂಪನಿಯದ್ದು. ಮುಂದೆ ಬಂದು ಗಟ್ಟಿಯಾಗಿ ಅದನ್ನೇ ಹೇಳಿದೆ. ಗಲಾಟೆ ಕೇಳಿ ಒಳಗಿಂದ ಬಂದ ಮ್ಯಾನೇಜರ್ ಟಿ.ವಿ. ಕಂಪನಿಗೆ ಫೋನ್ ಮಾಡಿದರು. ಆ ವಾರವೇ ಅವರ ಗಾಡಿ ಬಂದು ಟಿ.ವಿ.ಯನ್ನು ಒಯ್ದಿತು.

ಮೊನ್ನೆ ಮಿಕ್ಸಿ ಕೊಳ್ಳಲು ಅದೇ ಅಂಗಡಿಗೆ ಹೋಗಿದ್ದೆವು. ಅದೇ ಸೇಲ್ಸ್‌ಮನ್ ಮೋಟಾರು, ವಾರಂಟಿ ಎಂದು ಬಾಯಿತುಂಬ ವರ್ಣಿಸುತ್ತಿದ್ದ. ಅತ್ತೆ ಕೈಯೆತ್ತಿ ತಡೆದರು: “ಅದೆಲ್ಲ ಇರ್ಲಪ್ಪ. ಕೆಟ್ಟ ಮೇಲೆ ಇದನ್ನ ಕರ್ಕೊಂಡು ಹೋಗೋಕೆ ಯಾರು ಬರ್ತಾರೆ?”